ಲೋಗೋ ಸ್ವಲ್ಪ ದೊಡ್ಡದು ಮಾಡಿ, ಪ್ಲೀಸ್

ಅಮುಲ್ ಹುಡುಗಿ ನಿಮಗೆ ಗೊತ್ತೇ ಇರ್ತಾಳೆ. ನೀಲಿ ಕೂದಲು, ಚುಕ್ಕಿ ಚುಕ್ಕಿ ಫ್ರಾಕು, ಬೆಣ್ಣೆ ಹಚ್ಚಿದ ಬ್ರೆಡ್ಡು. 1966ರಿಂದ ಇವತ್ತಿನವರೆಗೂ ಆಕೆಗೆ ಒಂದು ದಿನವೂ ವಯಸ್ಸಾಗಿಲ್ಲ. ಕ್ರಿಕೆಟ್ ಗೆದ್ದರೂ ಬರ್ತಾಳೆ, ಸರ್ಕಾರ ಬಿದ್ದರೂ ಬರ್ತಾಳೆ. ಸರಿ, ಆಕೆಯ ಚಿತ್ರವನ್ನು ಮೊದಲ ಸಲ ಬಿಡಿಸಿದ್ದು ಯಾರು ಅಂತ ಕೇಳಿ ನೋಡಿ. ಕ್ವಿಜ್ ಹುಚ್ಚು ಇರೋರನ್ನು ಬಿಟ್ಟರೆ ಮಿಕ್ಕವರು ತಲೆ ಕೆರೆದುಕೊಳ್ತಾರೆ.

ಅವರ ಹೆಸರು ಯೂಸ್ಟೇಸ್ ಫರ್ನಾಂಡಿಸ್. ಅಮುಲ್ ಜಾಹೀರಾತು ನೋಡಿಕೊಳ್ಳುತ್ತಿದ್ದ ಸಿಲ್ವೆಸ್ಟರ್ ಡಾಕುನ್ಹಾ ಅವರ ಜೊತೆಗಿದ್ದ ಕಲಾ ನಿರ್ದೇಶಕರು. ಡಾಕುನ್ಹಾ ಹೆಸರಾದರೂ ಅಲ್ಲಲ್ಲಿ ಕಿವಿಗೆ ಬೀಳುತ್ತೆ. ಆಮೇಲೆ ದಶಕಗಟ್ಟಲೆ ಅದೇ ಹುಡುಗಿಯನ್ನು ದಿನಕ್ಕೊಂದು ಸುದ್ದಿಗೆ ತಕ್ಕ ಹಾಗೆ ಕುಣಿಸುತ್ತಾ ಬಂದ ಜಯಂತ್ ರಾಣೆ ಹೆಸರು ಅದಕ್ಕಿಂತಲೂ ಕಡಿಮೆ ಜನಕ್ಕೆ ಗೊತ್ತು.

ಇನ್ನೊಂದು ಹೇಳ್ತೀನಿ, ಇದು ನಮ್ಮ ಮೈಸೂರಿನದ್ದು. ಏಷ್ಯನ್ ಪೇಂಟ್ಸ್ ಡಬ್ಬದ ಮೇಲೆ ಬ್ರಷ್ ಹಿಡ್ಕೊಂಡು ತುಂಟನ ಹಾಗೆ ನಿಂತಿರುತ್ತಿದ್ದ ಗಟ್ಟು ನೆನಪಿದ್ದಾನಾ? ನಿಮಗೆ ಇಲ್ಲದಿದ್ದರೆ ಮನೆಯಲ್ಲಿ ಅಪ್ಪನನ್ನು ಕೇಳಿ. 1954ರಲ್ಲಿ ಅವನನ್ನು ಸೃಷ್ಟಿಸಿದವರು ಆರ್.ಕೆ. ಲಕ್ಷ್ಮಣ್. ‘ಗಟ್ಟು’ ಅನ್ನೋ ಹೆಸರು ಮಾತ್ರ ಸ್ಪರ್ಧೆ ಇಟ್ಟು ಜನರಿಂದಲೇ ಆರಿಸಿದ್ದು. ಲಕ್ಷ್ಮಣ್ ಅವರಿಗೆ ಪೇಪರಿನಲ್ಲಿ ದಿನಾ ಕಾರ್ಟೂನ್ ಇತ್ತು, ಅದರ ಕೆಳಗೆ ಸಹಿ ಇತ್ತು, ಹಾಗಾಗಿ ದೇಶಕ್ಕೆಲ್ಲ ಪರಿಚಯವಾದರು. ಪೇಂಟ್ ಡಬ್ಬದ ಮೇಲೆ ಯಾರೂ ಸಹಿ ಹಾಕೋಕೆ ಬಿಡಲ್ಲ. ಬರೀ ಡಬ್ಬಕ್ಕೇ ಚಿತ್ರ ಬಿಡಿಸುತ್ತಾ ಜೀವನ ಕಳೆದವರ ಗತಿ ಏನು?

ಸತ್ಯಜಿತ್ ರೇ ಕೂಡ ಶುರು ಮಾಡಿದ್ದು ಇಂಥದ್ದೇ ಒಂದು ಮೇಜಿನಿಂದ. 1943ರಲ್ಲಿ ಕಲ್ಕತ್ತಾದ ಡಿ.ಜೆ. ಕೀಮರ್ ಅನ್ನೋ ಬ್ರಿಟಿಷ್ ಏಜೆನ್ಸಿಯಲ್ಲಿ ಜೂನಿಯರ್ ವಿಶುವಲೈಸರ್, ತಿಂಗಳಿಗೆ 80 ರೂಪಾಯಿ. ಸಿಗ್ನೆಟ್ ಪ್ರೆಸ್‌ಗೆ ಪುಸ್ತಕದ ಮುಖಪುಟಗಳನ್ನೂ ಮಾಡ್ತಿದ್ದರು. ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿಗೆ ಚಿತ್ರ ಬಿಡಿಸುವ ಕೆಲಸ ಬಂತು, ಅದೇ ಕಥೆ 1955ರಲ್ಲಿ ಅವರ ಮೊದಲ ಸಿನಿಮಾ ಆಯ್ತು. ರೇ ಎದ್ದು ಹೊರಗೆ ಹೋದ ಮೇಲೆ ಅದೇ ಸಾಲಿನ ಪಕ್ಕದ ಮೇಜುಗಳಲ್ಲಿ ಕೂತೇ ಇದ್ದವರ ಬಗ್ಗೆ ನನಗೆ ಯಾವಾಗಲೂ ಕುತೂಹಲ. ಈ ವಾರದ ಅಂಕಣ ಅವರ ಇವತ್ತಿನ ತಮ್ಮ ತಂಗಿಯರ ಬಗ್ಗೆ.

ನಾನು ಬೆಂಗಳೂರಿನ ಒಂದು ಏಜೆನ್ಸಿಯಲ್ಲಿ ಕಾಪಿ ಬರೆಯೋಳು. ಅಂದರೆ ಪದಗಳು ನನ್ನವು, ಮಿಕ್ಕಿದ್ದೆಲ್ಲ ಪಕ್ಕದ ಕುರ್ಚಿಯವರದ್ದು. ಹೊರಗಿನವರಿಗೆ ಡಿಸೈನರ್ ಅಂದರೆ ಕಲರ್ ಕಲರ್ ಸ್ನೀಕರ್, ದೊಡ್ಡ ಹೆಡ್‌ಫೋನು, ಕೈಯಲ್ಲಿ ಕೋಲ್ಡ್ ಕಾಫಿ. ಅದೂ ಇದೆ, ಇಲ್ಲ ಅನ್ನಲ್ಲ. ಆದರೆ ದಿನದ ಬಹುಪಾಲು ಹೋಗೋದು ಯಾವುದಕ್ಕೆ ಅಂತ ನೋಡಿದರೆ ನಿಮಗೆ ಅಕೌಂಟ್ಸ್ ಡಿಪಾರ್ಟ್‌ಮೆಂಟ್ ನೆನಪಾಗುತ್ತೆ.

ಒಂದು ಉದಾಹರಣೆ ತಗೊಳ್ಳಿ. ದೀಪಾವಳಿಗೆ ಒಂದು ಬಟ್ಟೆ ಅಂಗಡಿಯ ಜಾಹೀರಾತು. ನಿಮಗೆ ಕಾಣೋದು ಒಂದು ಚಿತ್ರ: ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು, ಒಂದು ಸೀರೆ, ಒಂದು ಸಾಲು. ಆ ಒಂದು ಚಿತ್ರಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಅಸಲಿ ಕೆಲಸ ಶುರು. ಇನ್‌ಸ್ಟಾಗ್ರಾಂಗೆ 1080ಕ್ಕೆ 1080 ಚೌಕ, ಸ್ಟೋರಿಗೆ 1080ಕ್ಕೆ 1920 ಉದ್ದ, ರಸ್ತೆಗೆ 40 ಅಡಿ ಅಗಲ 20 ಅಡಿ ಎತ್ತರದ ಹೋರ್ಡಿಂಗ್, ಪೇಪರಿಗೆ ಕಾಲು ಪುಟ, ಆಟೋದ ಹಿಂಭಾಗ, ಅಂಗಡಿಯ ಗಾಜಿನ ಬಾಗಿಲು, ಕ್ಯಾರಿ ಬ್ಯಾಗು, ಬಿಲ್ ಕೌಂಟರಿನ ಪುಟ್ಟ ಕಾರ್ಡು. ಇದನ್ನೆಲ್ಲ ಆಫೀಸ್ ಭಾಷೆಯಲ್ಲಿ ‘ರೀಸೈಜ್’ ಅಂತಾರೆ. ಮೂಲೆ ಹಿಡಿದು ಎಳೆದರೆ ಆಯ್ತು ಅನ್ನೋ ಹಾಗೆ.

ಮೂಲೆ ಹಿಡಿದು ಎಳೆದರೆ ಅಜ್ಜಿಗೆ ಬೊಜ್ಜು ಬರುತ್ತೆ ಅಷ್ಟೇ. ಅಡ್ಡ ಚಿತ್ರವನ್ನು ಉದ್ದ ಮಾಡುವಾಗ ಮೊಮ್ಮಗಳು ಎಲ್ಲಿ ಕೂರಬೇಕು ಅನ್ನೋದನ್ನು ಮತ್ತೆ ಮೊದಲಿಂದ ಯೋಚಿಸಬೇಕು. ಸ್ಟೋರಿಯಲ್ಲಿ ಮೇಲೆ ಅಕೌಂಟಿನ ಹೆಸರು, ಕೆಳಗೆ ರಿಪ್ಲೈ ಬಾಕ್ಸ್ ಬರೋದರಿಂದ ಆ ಎರಡು ಕಡೆ ಅಕ್ಷರ ಇಡೋ ಹಾಗಿಲ್ಲ. ಹೋರ್ಡಿಂಗ್ ಅಂದರೆ ಗಾಡಿ ಓಡಿಸ್ತಾ ಓದೋದು, ಹಾಗಾಗಿ ನಾನು ಬರೆದ ಚೆಂದದ ಎರಡನೇ ಸಾಲನ್ನು ಕಿತ್ತು ಹಾಕ್ತಾರೆ. (ಈ ವಿಷಯದಲ್ಲಿ ಡಿಸೈನರ್‌ಗೂ ನನಗೂ ಪ್ರತಿ ಸಲ ಜಗಳ. ಪ್ರತಿ ಸಲ ಅವರೇ ಗೆಲ್ತಾರೆ.) ಪ್ರಿಂಟಿಗೆ ಹೋಗುವಾಗ ಸುತ್ತ 3 ಮಿಲಿಮೀಟರ್ ಹೆಚ್ಚಿಗೆ ಬಿಡಬೇಕು, ಇಲ್ಲದಿದ್ದರೆ ಪ್ರೆಸ್‌ನಲ್ಲಿ ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತೆ. ಬಣ್ಣದ್ದು ಇನ್ನೊಂದು ಕಥೆ. ಫೋನಿನ ಪರದೆ ಬೆಳಕಿನಿಂದ ಬಣ್ಣ ಮಾಡುತ್ತೆ, ಪ್ರೆಸ್ ನಾಲ್ಕು ಶಾಯಿಗಳಿಂದ. ಪರದೆಯ ಮೇಲೆ ಝಗಮಗ ಅನ್ನುವ ಗಿಳಿ ಹಸಿರು ಪೇಪರಿನಲ್ಲಿ ಬಾಡಿದ ಸೊಪ್ಪಿನ ಹಾಗೆ ಬರುತ್ತೆ. ಹಾಗಾಗದಂತೆ ಮೊದಲೇ ಬೇರೆ ಹಸಿರು ಆರಿಸಿಟ್ಟವರ ಬಗ್ಗೆ ಯಾರಿಗೂ ಗೊತ್ತಾಗಲ್ಲ. ಯಾಕಂದ್ರೆ ಏನೂ ಹಾಳಾಗಲಿಲ್ಲವಲ್ಲ.

ಇಷ್ಟೆಲ್ಲ ಮುಗಿದು ಮೂವತ್ತು ಫೈಲ್ ರೆಡಿ ಆದಾಗ, ಶುಕ್ರವಾರ ಸಂಜೆ ಆರೂವರೆಗೆ ಒಂದು ಮೆಸೇಜ್ ಬರುತ್ತೆ. ‘ಒಂದು ಚಿಕ್ಕ ಚೇಂಜ್. ರಿಯಾಯಿತಿ ಬದಲು ಆಫರ್ ಅಂತ ಹಾಕಿ. ಐದು ನಿಮಿಷದ ಕೆಲಸ.’ ಒಂದು ಪದ ಚಿಕ್ಕದಾಯ್ತು, ಸಾಲಿನ ಉದ್ದ ಬದಲಾಯ್ತು, ಸಾಲಿನ ಪಕ್ಕ ಖಾಲಿ ಜಾಗ ಬಂತು, ಅಜ್ಜಿ ಪಕ್ಕಕ್ಕೆ ಸರಿಯಬೇಕು. ಮೂವತ್ತು ಸಲ ಸರಿಯಬೇಕು. ಪ್ರತಿಯೊಂದನ್ನೂ ಮತ್ತೆ ಸೇವ್ ಮಾಡಿ, ತೆರೆದು, ನೋಡಿ, ಕಳಿಸಬೇಕು. ಐದು ನಿಮಿಷದ ಲೆಕ್ಕ ಹೇಳಿದವರು ಒಂದು ಫೈಲ್ ಮನಸ್ಸಿನಲ್ಲಿಟ್ಟುಕೊಂಡು ಹೇಳಿರ್ತಾರೆ, ಅವರದ್ದೂ ಸುಳ್ಳಲ್ಲ.

ಈಗ ಲೋಗೋ ವಿಷಯ. ‘ಲೋಗೋ ಸ್ವಲ್ಪ ದೊಡ್ಡದು ಮಾಡಿ’ ಅನ್ನೋದು ಈ ಉದ್ಯಮದ ಅತಿ ಹಳೆಯ ಜೋಕು. ಜೋಕು ಮಾಡಿ ನಗೋರು ಒಂದು ವಿಷಯ ಗಮನಿಸಲ್ಲ. ಹಾಗೆ ಕೇಳುವ ಗ್ರಾಹಕರು ಪೆದ್ದರಲ್ಲ. ದುಡ್ಡು ಹಾಕಿದವರು ಅವರು; ಈ ಚಿತ್ರ ನನ್ನ ಅಂಗಡಿಯದ್ದು ಅಂತ ಜನಕ್ಕೆ ಗೊತ್ತಾಗುತ್ತೋ ಇಲ್ಲವೋ ಅನ್ನೋ ಭಯ ಅವರಿಗೆ. ನಮ್ಮ ಟೀಮಿನಲ್ಲಿ ಶಿವಮೊಗ್ಗ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಅವಳು ಇಂಥ ಮೆಸೇಜ್ ಬಂದಾಗ ಲೋಗೋ ಮುಟ್ಟೋದೇ ಇಲ್ಲ. ಅದರ ಸುತ್ತ ಇದ್ದ ಹೂವು, ಫೋನ್ ನಂಬರು, ಮೂರು ಬ್ಯಾಡ್ಜು ಎಲ್ಲ ದೂರ ಸರಿಸಿ ಜಾಗ ಖಾಲಿ ಮಾಡ್ತಾಳೆ, ಹಿಂದಿನ ಬಣ್ಣ ಒಂದು ಚೂರು ತಿಳಿ ಮಾಡ್ತಾಳೆ. ‘ಈಗ ಸರಿ ಹೋಯ್ತು ನೋಡಿ’ ಅಂತ ಉತ್ತರ ಬರುತ್ತೆ. ಲೋಗೋ ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಇದು ಮೋಸ ಅಲ್ಲ. ಕೇಳಿದ್ದು ಒಂದು, ಬೇಕಿದ್ದದ್ದು ಇನ್ನೊಂದು. ಅವಳು ಬೇಕಿದ್ದದ್ದನ್ನು ಕೊಟ್ಟಳು. ನನ್ನ ಪ್ರಕಾರ ಡಿಸೈನರ್ ಕೆಲಸದ ಅರ್ಧ ಭಾಗ ಇದೇ, ಮತ್ತೆ ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡಲ್ಲ.

ಇಷ್ಟು ಎಲ್ಲ ಭಾಷೆಯ ಡಿಸೈನರ್‌ಗಳಿಗೂ ಇರೋ ಗೋಳು. ಕನ್ನಡದಲ್ಲಿ ಕೆಲಸ ಮಾಡೋರ ಪಾಡು ಬೇರೆ.

ಬೆಂಗಳೂರಿನಲ್ಲಿ ತಯಾರಾಗುವ ಬಹಳಷ್ಟು ಜಾಹೀರಾತು ಹುಟ್ಟೋದು ಇಂಗ್ಲಿಷ್‌ನಲ್ಲಿ. ಲೇಔಟ್ ಎಲ್ಲ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿ ಹೊಲಿದಿರ್ತಾರೆ. ಕೊನೆಯ ಗಳಿಗೆಯಲ್ಲಿ ‘ಕನ್ನಡ ವರ್ಷನ್ ಕೂಡ ಬೇಕು’ ಅಂತ ಬರುತ್ತೆ. ಆಗ ನೋಡಿ ಮಜಾ. ಇಂಗ್ಲಿಷ್‌ನಲ್ಲಿ ಒಂದು ಪದ ಎದ್ದು ಕಾಣಬೇಕಾದರೆ ಎಲ್ಲ ಕ್ಯಾಪಿಟಲ್ ಅಕ್ಷರ ಮಾಡಿದರೆ ಆಯ್ತು. ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲ. ಇಂಗ್ಲಿಷ್ ಕ್ಯಾಪಿಟಲ್ ಸಾಲು ಗೋಡೆ ಕಟ್ಟಿದ ಹಾಗೆ ಮೇಲೂ ಕೆಳಗೂ ನೇರ ಇರುತ್ತೆ. ನಮ್ಮದು ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಎರಡು ಸಾಲಿನ ನಡುವೆ ಇಂಗ್ಲಿಷ್‌ಗೆ ಬಿಟ್ಟಷ್ಟೇ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಹೋಗಿ ಕೂರುತ್ತೆ.

ಅಕ್ಷರ ಒಡೆಯೋದು ಇನ್ನೊಂದು ಸಂಕಟ. ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಆನ್ ಮಾಡದೆ ಕನ್ನಡ ಪೇಸ್ಟ್ ಮಾಡಿದರೆ ‘ಸ್ವಾತಂತ್ರ್ಯ’ ಹೋಗಿ ‘ಸ್‌ವಾತಂತ್‌ರ್‌ಯ’ ಆಗಬಹುದು. ಕನ್ನಡ ಬಾರದ ಡಿಸೈನರ್‌ಗೆ ಎರಡೂ ಒಂದೇ ಥರ ಸುಂದರ. ಆಗಸ್ಟ್ 15ರಂದು ಇಂಥ ಪೋಸ್ಟ್ ನೀವೂ ನೋಡಿರ್ತೀರ, ಕಾಮೆಂಟ್‌ನಲ್ಲಿ ಬೈದೂ ಇರ್ತೀರ. ಬೈಗುಳ ತಿನ್ನೋದು ಬ್ರಾಂಡು, ರಾತ್ರಿ ಕೂತು ಸರಿ ಮಾಡೋದು ಡಿಸೈನರು. ಮತ್ತೆ ಪ್ರಿಂಟ್ ಜಾಹೀರಾತಿಗೆ ಕೆಲವು ಕಡೆ ಇನ್ನೂ ನುಡಿಯ ಹಳೆಯ ಫಾಂಟ್‌ನಲ್ಲೇ ಮ್ಯಾಟರ್ ಬರುತ್ತೆ. ಅದನ್ನು ಯೂನಿಕೋಡ್ ಫಾಂಟ್‌ಗೆ ಸುಮ್ಮನೆ ಹಾಕಿದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ವರ್ಟ್ ಮಾಡಬೇಕು, ಮಾಡಿದ ಮೇಲೆ ಒಂದೊಂದು ಪದ ಓದಬೇಕು. ಅರ್ಕಾವತ್ತು ಇರೋ ಕಡೆ ಏನಾದರೂ ತಪ್ಪು ನುಸುಳಿರುತ್ತೆ.

ಫಾಂಟ್‌ಗಳೂ ನಮಗೆ ಬೆರಳೆಣಿಕೆ. ಇಂಗ್ಲಿಷ್‌ಗೆ ಸಾವಿರಾರು ಇರುವಾಗ ಕನ್ನಡಕ್ಕೆ ಹುಡುಕಿ ಹುಡುಕಿ ಒಂದಷ್ಟು. ಆದರೂ ಈ ಹತ್ತು ವರ್ಷದಲ್ಲಿ ಪರಿಸ್ಥಿತಿ ಸುಧಾರಿಸಿದೆ ಅನ್ನೋದು ನಿಜ. ಗೂಗಲ್ ಫಾಂಟ್ಸ್‌ನಲ್ಲಿ ಈಗ ‘ಬೆಣ್ಣೆ’ ಅನ್ನೋ ಫಾಂಟ್ ಇದೆ, ‘ಹುಬ್ಬಳ್ಳಿ’ ಇದೆ, ‘ಬಾಲೂ ತಮ್ಮ’ ಇದೆ. ಏಕ್ ಟೈಪ್ ತಂಡ ಹಲವು ಭಾರತೀಯ ಲಿಪಿಗಳಿಗೆ ಒಟ್ಟಿಗೆ ಮಾಡಿದ ‘ಅನೇಕ್’ ಇದೆ, ಅದರ ಕನ್ನಡದ ಹಿಂದೆ ವೈಷ್ಣವಿ ಮೂರ್ತಿ ಅವರ ಕೆಲಸ ಇದೆ. ನಿಮ್ಮ ಫೋನಿನಲ್ಲಿ ಮದುವೆ ಕರೆಯೋಲೆಯಿಂದ ಹಿಡಿದು ಸಿನಿಮಾ ಪೋಸ್ಟರ್ ತನಕ ದಿನಾ ಇಂಥ ಅಕ್ಷರಗಳ ಮೇಲೆ ಕಣ್ಣು ಹಾಯುತ್ತೆ. ಒಂದು ಕನ್ನಡ ಫಾಂಟ್ ಅಂದರೆ ಬರೀ ವರ್ಣಮಾಲೆ ಅಲ್ಲ. ಕಾಗುಣಿತ, ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು, ಹೀಗೆ ನೂರಾರು ಆಕಾರಗಳನ್ನು ಒಂದೊಂದಾಗಿ ಬಿಡಿಸಿ, ಒಂದಕ್ಕೊಂದು ಹೊಂದಿಸಬೇಕು. ಅಷ್ಟು ಮಾಡಿ ಉಚಿತವಾಗಿ ಹಂಚಿದ್ದಾರೆ ಅನ್ನೋದು ನೆನಪಾದಾಗೆಲ್ಲ ನನಗೆ ಆಶ್ಚರ್ಯ.

ನಾಮಫಲಕಗಳ ಗಲಾಟೆ ನೆನಪಿದೆಯಲ್ಲ? 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಪ್ರತಿಭಟನೆ ಆಯ್ತು, 2024ರ ಶುರುವಿನಲ್ಲಿ ಕಾನೂನಿಗೆ ತಿದ್ದುಪಡಿ ಬಂತು, ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಅಂತ. ಫೆಬ್ರವರಿ 28ರ ಗಡುವು. ಟಿವಿಯಲ್ಲಿ ಪರ ವಿರೋಧ ಚರ್ಚೆ ನಡೀತಾ ಇತ್ತು. ಅದೇ ಹೊತ್ತಲ್ಲಿ ಎಷ್ಟೋ ಸ್ಟುಡಿಯೋಗಳಲ್ಲಿ ಡಿಸೈನರ್‌ಗಳು ಟೇಪ್ ಹಿಡಿದು ಲೆಕ್ಕ ಹಾಕ್ತಾ ಕೂತಿದ್ದರು. ಅವರ ಮುಂದಿದ್ದ ಪ್ರಶ್ನೆ ಬೇರೆ. ‘ಸ್ಟಾರ್‌ಬಕ್ಸ್’ ಅಂತ ಬರೆದು ನೋಡಿ. ಸ ಕೆಳಗೆ ಟ ಒತ್ತು, ಕ ಕೆಳಗೆ ಸ ಒತ್ತು, ಮೇಲೆ ಅರ್ಧಾಕ್ಷರದ ಕೊಂಡಿ. ಇಂಗ್ಲಿಷ್ ಕ್ಯಾಪಿಟಲ್‌ಗೆ ಅಂತ ಮಾಡಿದ ತೆಳ್ಳನೆ ಪಟ್ಟಿಯಲ್ಲಿ ಇಷ್ಟನ್ನೂ ತುರುಕಿದರೆ ಮುಖ್ಯ ಅಕ್ಷರಗಳು ಕುಗ್ಗಿ ಹೋಗುತ್ತೆ. ಫಲಕದ ಎತ್ತರ ಹೆಚ್ಚಿಸೋಣ ಅಂದರೆ ಮೇಲೆ ಬೇರೆಯವರ ಬಾಲ್ಕನಿ.

ಕೆಲವರು ಕೈಗೆ ಸಿಕ್ಕ ಫಾಂಟ್‌ನಲ್ಲಿ ಟೈಪ್ ಮಾಡಿ ಅಂಟಿಸಿದರು. ನೋಡಿದ ಕೂಡಲೇ ಗೊತ್ತಾಗುತ್ತೆ, ಬಾಡಿಗೆ ಕೋಟು ಹಾಕಿಕೊಂಡ ಹಾಗೆ. ಆದರೆ ಇನ್ನು ಕೆಲವು ಅಂಗಡಿಗಳ ಮುಂದೆ ನಿಂತು ನೋಡಿ. ಇಂಗ್ಲಿಷ್ ಲೋಗೋದಲ್ಲಿ ಗೆರೆ ಎಷ್ಟು ದಪ್ಪವೋ ಕನ್ನಡದಲ್ಲೂ ಅಷ್ಟೇ ದಪ್ಪ, ಅಲ್ಲಿನ ತಿರುವು ಇಲ್ಲಿನ ತಲೆಕಟ್ಟಿನಲ್ಲಿ ಬಂದಿರುತ್ತೆ. ಯಾರೋ ಒಬ್ಬರು ಅದನ್ನು ಫಾಂಟ್ ಬಿಟ್ಟು ಕೈಯಿಂದ ಬಿಡಿಸಿದ್ದಾರೆ ಅಂತ ಅರ್ಥ. ಕಾನೂನು ಶೇಕಡಾವಾರು ಕೇಳಬಹುದು ಅಷ್ಟೇ, ಚೆಂದ ಕೇಳೋಕಾಗಲ್ಲ. ಅದು ಆ ಡಿಸೈನರ್ ಮರ್ಜಿ.

ಒಂದು ಚಿಹ್ನೆ ಹುಟ್ಟಿದ ಮೇಲೆ ಎಷ್ಟು ಕೈ ದುಡಿಯುತ್ತೆ ಅನ್ನೋದಕ್ಕೆ ನಮ್ಮ ರೂಪಾಯಿಗಿಂತ ಒಳ್ಳೆ ಉದಾಹರಣೆ ಇಲ್ಲ. ₹ ಚಿಹ್ನೆ ಉದಯ ಕುಮಾರ್ ಅವರದ್ದು, 2010ರ ಜುಲೈ 15ರಂದು ಕೇಂದ್ರ ಸಂಪುಟ ಒಪ್ಪಿತು, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಒಪ್ಪಿದ ದಿನ ಅದನ್ನು ಟೈಪ್ ಮಾಡೋ ದಾರಿಯೇ ಇರಲಿಲ್ಲ. ಮಂಗಳೂರಿನ ಫೊರೇಡಿಯನ್ ಅನ್ನೋ ಕಂಪನಿಯ ಹುಡುಗರು ತಕ್ಷಣ ಒಂದು ಫಾಂಟ್ ಮಾಡಿ ಬಿಟ್ಟರು. ಕೀಬೋರ್ಡಿನಲ್ಲಿ ಟ್ಯಾಬ್ ಮೇಲಿನ ಕೀ ಒತ್ತಿದರೆ ರೂಪಾಯಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮಾತ್ರ ಅದೇ ಫೈಲ್ ತೆರೆದರೆ ರೂಪಾಯಿ ಮಾಯ, ಬರೀ ಒಂದು ಸಣ್ಣ ಓರೆ ಗೀಟು! ಅದೇ ಅಕ್ಟೋಬರಿನಲ್ಲಿ ಯೂನಿಕೋಡ್ ಅದಕ್ಕೆ ಅಧಿಕೃತ ಜಾಗ ಕೊಟ್ಟಿತು. ಆಮೇಲೆ ಪ್ರಪಂಚದ ಒಂದೊಂದು ಫಾಂಟ್ ತಂಡವೂ ತಮ್ಮ ಅಕ್ಷರಕ್ಕೆ ಹೊಂದುವ ಹಾಗೆ ತೆಳು ₹, ದಪ್ಪ ₹, ಓರೆ ₹ ಬಿಡಿಸುತ್ತಾ ಹೋಯ್ತು. ನೀವು ಯುಪಿಐ ಮಾಡುವಾಗ ಕಾಣುವ ₹ ಅಂಥ ಯಾವುದೋ ಒಂದು ಮೇಜಿನಿಂದ ಬಂದದ್ದು.

ಹೆಸರಿನ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಇದು ಬರೀ ಭಾವನೆಯ ಮಾತಲ್ಲ, ಸಂಬಳದ ಮಾತು. ಡಿಸೈನರ್ ಕೆಲಸ ಬದಲಾಯಿಸುವಾಗ ತೋರಿಸೋದು ಪೋರ್ಟ್‌ಫೋಲಿಯೋ. ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ಕಂಪನಿಯ ಕೆಲಸ ಅದರಲ್ಲಿ ಹಾಕೋ ಹಾಗಿಲ್ಲ. ಪ್ರಶಸ್ತಿಗೆ ಕಳಿಸಿದಾಗ ಹೆಸರಿನ ಪಟ್ಟಿ ಮೇಲಿನಿಂದ ತುಂಬುತ್ತಾ ಬಂದು ಮೂವತ್ತು ಫೈಲ್ ಮಾಡಿದವರ ಹತ್ತಿರ ಬರೋ ಹೊತ್ತಿಗೆ ಜಾಗ ಮುಗಿದಿರುತ್ತೆ. ಹಳೇ ಕಾಲದಲ್ಲೂ ಹೀಗೇ ಇತ್ತಂತೆ. ಕಂಪ್ಯೂಟರ್ ಬರೋ ಮುಂಚೆ ಬ್ರೋಮೈಡ್ ಕತ್ತರಿಸಿ, ರಬ್ಬರ್ ಸಲ್ಯೂಷನ್ ಹಚ್ಚಿ ಪೇಸ್ಟ್‌ಅಪ್ ಮಾಡುತ್ತಿದ್ದ ಸ್ಟುಡಿಯೋ ಕಲಾವಿದರು ಏಜೆನ್ಸಿಯ ಒಳಗಿನ ಕೋಣೆಯಲ್ಲೇ ಇರ್ತಿದ್ದರು, ಗ್ರಾಹಕರು ಅಲ್ಲಿಗೆ ಕಾಲಿಡ್ತಿರಲಿಲ್ಲ. ಆ ಕೋಣೆ ಈಗಿಲ್ಲ, ಓಪನ್ ಆಫೀಸ್ ಬಂದಿದೆ. ಆದರೆ ಮೀಟಿಂಗ್ ಇನ್ವೈಟ್‌ನಲ್ಲಿ ಇನ್ನೂ ಅವರ ಹೆಸರು ಇರಲ್ಲ. ಗ್ರಾಹಕರು ಹೇಳಿದ್ದನ್ನು ಬೇರೆಯವರು ಕೇಳಿಸಿಕೊಂಡು ಬಂದು ಇವರಿಗೆ ಹೇಳ್ತಾರೆ. ‘ಸ್ವಲ್ಪ ಪಾಪ್ ಆಗಬೇಕಂತೆ.’ ಅಲ್ಲಿ ಅವರು ಏನು ಅಂದಿದ್ದರೋ ದೇವರಿಗೇ ಗೊತ್ತು.

ಈ ವರ್ಷ ಹೊಸದೊಂದು ಶುರುವಾಗಿದೆ. ಬ್ರೀಫ್ ಜೊತೆಗೆ ಎಐನಲ್ಲಿ ಮಾಡಿದ ಚಿತ್ರ ಬರುತ್ತೆ: ‘ಹೆಚ್ಚುಕಡಿಮೆ ಆಗಿದೆ, ಫಿನಿಶಿಂಗ್ ಮಾತ್ರ ಮಾಡಿ.’ ಚಿತ್ರ ಥಳಥಳ ಅಂತಿರುತ್ತೆ. ಹತ್ತಿರ ಹೋಗಿ ನೋಡಿದರೆ ಇಳಕಲ್ ಸೀರೆಯ ಸೆರಗಿನಲ್ಲಿ ಇಳಕಲ್‌ನವರು ಯಾರೂ ನೇಯದ ಡಿಸೈನು, ಹಿಂದಿನ ಬೋರ್ಡಿನಲ್ಲಿ ಕನ್ನಡದ ಹಾಗೆ ಕಾಣುವ, ಆದರೆ ಯಾವ ಭಾಷೆಯೂ ಅಲ್ಲದ ಸುರುಳಿಗಳು. ಎಐ ಬೇಡ ಅಂತ ನಮ್ಮ ಡಿಸೈನರ್‌ಗಳು ಯಾರೂ ಹೇಳಲ್ಲ. ಹಿನ್ನೆಲೆ ತೆಗೆಯೋಕೆ, ಆಕಾಶ ಉದ್ದ ಮಾಡೋಕೆ ದಿನಾ ಬಳಸ್ತಾರೆ. ಆದರೆ ಮುಕ್ಕಾಲು ಕೆಲಸ ಆಗಿದೆ ಅನ್ನೋ ಲೆಕ್ಕದಲ್ಲಿ ಕಾಲು ಸಮಯ ಕೊಟ್ಟರೆ, ಆ ಸೆರಗು ಸರಿ ಮಾಡೋರು ಯಾರು?

ನಮ್ಮಲ್ಲಿ ಒಂದು ಬದಲಾವಣೆ ಆಗಿದೆ, ಆ ಶಿವಮೊಗ್ಗದ ಹುಡುಗಿ ಹಟ ಹಿಡಿದು ಮಾಡಿಸಿದ್ದು. ಮೊದಲ ಮೀಟಿಂಗ್‌ಗೇ ಅವಳೂ ಬರ್ತಾಳೆ. ಕನ್ನಡ ಬೇಕಾಗುತ್ತೆ ಅಂತಿದ್ದರೆ ಕನ್ನಡ ಸಾಲು ಮೊದಲ ದಿನವೇ ನಾನು ಬರೆದು ಕೊಡಬೇಕು. ‘ಅಕ್ಕ, ಅನುವಾದ ಬೇಡ, ಸಾಲು ಕೊಡಿ’ ಅಂತಾಳೆ. ಇದರಿಂದ ಶುಕ್ರವಾರದ ಮೆಸೇಜ್ ನಿಂತಿಲ್ಲ, ಸುಳ್ಳು ಹೇಳಲ್ಲ. ಕಡಿಮೆ ಆಗಿದೆ.

ಸದ್ಯ ರಾಜ್ಯೋತ್ಸವದ ಕೆಲಸ ನಡೀತಿದೆ. ಪ್ರತಿ ವರ್ಷ ನವೆಂಬರ್ 1ಕ್ಕೆ ಎಲ್ಲೋ ಒಂದು ಕಡೆ ಬಾವುಟ ತಲೆಕೆಳಗಾಗಿರುತ್ತೆ. ಅರಿಶಿನ ಮೇಲೆ, ಕುಂಕುಮ ಕೆಳಗೆ ಅನ್ನೋದು ಗೊತ್ತಿರೋರು ಒಬ್ಬರು ಪರದೆ ಮುಂದೆ ಇರಬೇಕು. ನಿನ್ನೆ ಬ್ರೀಫ್ ಬಂತು, ಇಂಗ್ಲಿಷ್‌ನಲ್ಲಿ. ಕನ್ನಡ ಮ್ಯಾಟರ್ 31ರ ಸಂಜೆ ಕಳಿಸ್ತಾರಂತೆ. ಅವಳು ಕಾಯಲಿಲ್ಲ. ಫೈಲ್ ತೆರೆದು ಕನ್ನಡಕ್ಕೆ ಮೊದಲು ಜಾಗ ಬಿಟ್ಟಿದ್ದಾಳೆ, ಒತ್ತಕ್ಷರಕ್ಕೂ ಸೇರಿಸಿ. ಇಂಗ್ಲಿಷ್‌ಗೆ ಎಷ್ಟು ಉಳಿಯುತ್ತೋ ನೋಡಬೇಕು.